ಶ್ವಾಸಯಂತ್ರದೊಡನೆ ಸಮುದ್ರಯಾನ

ಹಗಲೆಲ್ಲ ನಡೆದಾಡಿ, ನಾಲ್ವರೊಡನೆ ನಕ್ಕು ಮಾತನಾಡಿ, ಆರೋಗ್ಯವಂತನೆಂದು ತೋರುವ ಮನುಷ್ಯನನ್ನು ನಿದ್ರೆ ಹತ್ತಿದೊಡನೆ ಬಂದು ಹಿಡಿಯುವ ವ್ಯಾಧಿಯೊಂದುಂಟು. ಅವನು ಗಟ್ಟಿಯಾಗಿ ಗೊರಕೆ ಹೊಡೆಯುತ್ತಿರುತ್ತಾನೆ. ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅದರೊಡನೆ ಉಸಿರೂ ನಿಲ್ಲುತ್ತದೆ. ಎದೆ ಏಳುವುದಕ್ಕೆ ಹೆಣಗುತ್ತದೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತಕ್ಕೂ ಹೆಚ್ಚು ಸೆಕೆಂಡುಗಳ ಬಳಿಕ ದೊಡ್ಡದೊಂದು ಏದುಸಿರಿನೊಡನೆ ಮತ್ತೆ ಉಸಿರಾಟ ಮೊದಲಾಗುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಇದು ಭಯವನ್ನುಂಟುಮಾಡುವ ದೃಶ್ಯ; ಮಲಗಿದವನಿಗೆ ಬೆಳಗ್ಗೆ ಇದೊಂದೂ ನೆನಪಿರುವುದಿಲ್ಲ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯ ಎಂದು ಕರೆಯುತ್ತಾರೆ. ಕನ್ನಡದಲ್ಲಿ ನಿದ್ರಾಶ್ವಾಸಸ್ತಂಭನ ಎನ್ನಬಹುದು.

ಈ ವ್ಯಾಧಿಯುಳ್ಳವರಲ್ಲಿ ಅನೇಕರು ಪ್ರತಿ ರಾತ್ರಿಯೂ ಮೂಗಿನ ಮೇಲೆ ಮುಖವಾಡವೊಂದನ್ನು ಧರಿಸಿ, ಹಾಸಿಗೆಯ ಪಕ್ಕದಲ್ಲಿಟ್ಟ ಪುಟ್ಟ ಯಂತ್ರವೊಂದು ಕಳುಹಿಸುವ ಗಾಳಿಯನ್ನು ಉಸಿರಾಡುತ್ತ ಮಲಗುತ್ತಾರೆ. ಸಿಪ್ಯಾಪ್ ಎಂಬ ಹೆಸರಿನ ಈ ಯಂತ್ರ ಇಂದು ನಮ್ಮ ನಗರಗಳ ಮನೆಗಳಲ್ಲಿಯೂ ಅಪರೂಪವಲ್ಲ. ಮನೆಯಲ್ಲಿ ಅದಕ್ಕೊಂದು ಸ್ಥಾನ ಗೊತ್ತಾಗಿರುತ್ತದೆ, ಪ್ಲಗ್ಗು ಕೈಗೆಟುಕುವಲ್ಲಿರುತ್ತದೆ, ನೀರು ಅಡುಗೆಮನೆಯಲ್ಲಿರುತ್ತದೆ. ಆದರೆ ಇಂಥವರು ದೀರ್ಘವಾದ ಹಡಗಿನ ಪ್ರಯಾಣಕ್ಕೆ ಹೊರಟರೆ ಏನು ಮಾಡಬೇಕು? ಮನೆಯಲ್ಲಿ ಯಾರ ಗಮನಕ್ಕೂ ಬಾರದ ಸಣ್ಣ ಸಣ್ಣ ಅನುಕೂಲಗಳು ಕಡಲಿನ ಮೇಲೆ ಒಂದೊಂದೂ ಒಂದೊಂದು ಪ್ರಶ್ನೆಯಾಗಿ ನಿಲ್ಲುತ್ತವೆ. ಆ ಪ್ರಶ್ನೆಗಳಿಗೆ ಉತ್ತರವನ್ನು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಕಾಣಬಹುದೆಂಬುದು ಈ ಲೇಖನದ ವಿಷಯ.

ಮುಚ್ಚಿಕೊಳ್ಳುವ ದಾರಿ

ಮೂಗಿನಿಂದ ಶ್ವಾಸಕೋಶದವರೆಗೆ ಗಾಳಿ ಸಾಗುವ ಹಾದಿ ಎಲ್ಲ ಕಡೆಯೂ ಒಂದೇ ರೀತಿಯದಲ್ಲ. ಮೂಗಿನ ಗೋಡೆಗಳಿಗೆ ಮೂಳೆ ಮತ್ತು ಮೃದ್ವಸ್ಥಿಗಳ ಆಧಾರವಿದೆ. ಕೆಳಗಿನ ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ. ಇವೆರಡರ ನಡುವಣ ಗಂಟಲಿನ ಭಾಗಕ್ಕೆ ಮಾತ್ರ ಇಂಥ ಗಟ್ಟಿ ಆಧಾರವಿಲ್ಲ. ಮೇಲೆ ಮೃದುವಾದ ಅಂಗುಳ, ಮುಂದೆ ನಾಲಗೆಯ ಬುಡ, ಸುತ್ತಲೂ ಸ್ನಾಯು. ಎಚ್ಚರದಲ್ಲಿರುವಾಗ ಸ್ನಾಯುಗಳು ಈ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆಯಲ್ಲಿ ಅವು ಸಡಿಲವಾಗುತ್ತವೆ.

ಎಳನೀರನ್ನು ಕಾಗದದ ಹೀರುಕೊಳವೆಯಿಂದ ಕುಡಿದವರೆಲ್ಲ ಈ ವಿದ್ಯಮಾನವನ್ನು ಕಂಡಿದ್ದಾರೆ. ಕೊಳವೆ ಹೊಸದಾಗಿರುವಾಗ ಎಷ್ಟು ಬಲವಾಗಿ ಹೀರಿದರೂ ಅದಕ್ಕೆ ಏನೂ ಆಗದು. ನೆನೆದು ಮೆತ್ತಗಾದ ಮೇಲೆ ಸ್ವಲ್ಪ ಜೋರಾಗಿ ಹೀರಿದರೆ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನೂ ಬಲವಾಗಿ ಹೀರಿದರೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಕಾರಣ ಸರಳ. ಹೀರುವಾಗ ಕೊಳವೆಯ ಒಳಗಣ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ವಾಯುಭಾರ ಗೋಡೆಗಳನ್ನು ಒಳಕ್ಕೆ ಅದುಮುತ್ತದೆ. ನಿದ್ರಿಸುವವನ ಗಂಟಲಿನಲ್ಲಿ ಆಗುವುದೂ ಇದೇ. ಅಂಗಾತ ಮಲಗಿದಾಗ ನಾಲಗೆಯ ಭಾರವೂ ಹಿಂದಕ್ಕೆ ಬೀಳುವುದರಿಂದ ದಾರಿ ಮತ್ತಷ್ಟು ಕಿರಿದಾಗುತ್ತದೆ. ದಾರಿ ಮುಚ್ಚಿ ರಕ್ತದಲ್ಲಿ ಆಮ್ಲಜನಕ ಇಳಿಯತೊಡಗಿದಾಗ ಮೆದುಳು ನಿದ್ರೆಯನ್ನು ಕ್ಷಣಕಾಲ ಕೆಡಿಸಿ ಸ್ನಾಯುಗಳನ್ನು ಎಚ್ಚರಿಸುತ್ತದೆ, ದಾರಿ ತೆರೆಯುತ್ತದೆ. ಮತ್ತೆ ನಿದ್ರೆ, ಮತ್ತೆ ತಡೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅದನ್ನು ಒಂದು ಸ್ತಂಭನವೆಂದು ವೈದ್ಯರು ಎಣಿಸುತ್ತಾರೆ. ಪೂರ್ಣ ತಡೆ ಮತ್ತು ಭಾಗಶಃ ತಡೆಗಳೆರಡನ್ನೂ ಕೂಡಿಸಿ ಗಂಟೆಗೆ 30 ಅಥವಾ ಅದಕ್ಕಿಂತ ಹೆಚ್ಚು ಬಾರಿ ಹೀಗಾಗುತ್ತಿದ್ದರೆ ವ್ಯಾಧಿ ತೀವ್ರವಾದುದೆಂದು ಪರಿಗಣಿಸುತ್ತಾರೆ. ಅಂದರೆ ಅಂಥವನ ನಿದ್ರೆ ಎರಡು ನಿಮಿಷಕ್ಕೊಮ್ಮೆ ಮುರಿಯುತ್ತಿರುತ್ತದೆ.

ಹತ್ತು ಸೆಂಟಿಮೀಟರ್ ನೀರಿನ ಒತ್ತಡ

ಮೆತ್ತಗಾದ ಕೊಳವೆ ಮುಚ್ಚದಂತೆ ಮಾಡುವುದು ಹೇಗೆ? ಹೀರುವುದಕ್ಕೆ ಬದಲಾಗಿ ಮೇಲಿನಿಂದ ಊದಬೇಕು. ಒಳಗಣ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಹೆಚ್ಚಾಗಿದ್ದರೆ ಗೋಡೆಗಳು ತಾವಾಗಿಯೇ ದೂರ ಸರಿದಿರುತ್ತವೆ. ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಹೋದ್ಯೋಗಿಗಳು ಈ ಸರಳ ವಿಚಾರವನ್ನು ರೋಗಿಗಳ ಮೇಲೆ ಪ್ರಯೋಗಿಸಿ, ಅದರ ಫಲವನ್ನು 1981ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಐವರು ರೋಗಿಗಳ ಮೂಗಿನ ಮೂಲಕ ಅವರು ಹಾಯಿಸಿದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು ಮಾತ್ರ. ಅದಕ್ಕೆ ಮೊದಲು ತೀವ್ರ ರೋಗಿಗಳಿಗೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಿಗೆ ದಾರಿ ಮಾಡುವುದೇ ಖಚಿತವಾದ ಚಿಕಿತ್ಸೆಯಾಗಿತ್ತೆಂಬುದನ್ನು ನೆನೆದರೆ, ಈ ಸಾಧನೆಯ ಬೆಲೆ ತಿಳಿಯುತ್ತದೆ.

ಹತ್ತು ಸೆಂಟಿಮೀಟರ್ ನೀರಿನ ಒತ್ತಡವೆಂದರೆ ಎಷ್ಟು? ಒಂದು ಎತ್ತರದ ಲೋಟದಲ್ಲಿ ನೀರು ತುಂಬಿ, ಕೊಳವೆಯ ತುದಿಯನ್ನು 10 ಸೆಂಟಿಮೀಟರ್ ಆಳಕ್ಕಿಳಿಸಿ ಮೆಲ್ಲಗೆ ಊದಿ ನೋಡಿ. ಗುಳ್ಳೆಗಳು ಆಗತಾನೆ ಹೊರಡುವಾಗ ನಿಮ್ಮ ಬಾಯಿಯಲ್ಲಿರುವ ಒತ್ತಡವೇ ಅದು. ಸಮುದ್ರಮಟ್ಟದ ವಾಯುಭಾರ ಸುಮಾರು 1033 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮ. ಆದುದರಿಂದ ಯಂತ್ರ ಸೇರಿಸುವುದು ವಾಯುಭಾರದ ನೂರರಲ್ಲಿ ಒಂದು ಪಾಲು ಮಾತ್ರ. ಒಂದು ಮಗುವೂ ಊದಬಲ್ಲಷ್ಟು ಒತ್ತಡ! ಆದರೆ ಅದನ್ನು ರಾತ್ರಿಯೆಲ್ಲ, ಒಂದು ನಿಮಿಷವೂ ಬಿಡದೆ ಊದುತ್ತಿರಬೇಕು.

ಒಂದು ವಾರ ಬಿಟ್ಟರೇನು?

ಪ್ರಯಾಣಕ್ಕೆ ಸಿದ್ಧವಾಗುವವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಯಂತ್ರ, ಕೊಳವೆ, ಮುಖವಾಡ, ವಿದ್ಯುತ್ತಿನ ಡಬ್ಬಿ, ಇವನ್ನೆಲ್ಲ ಹೊತ್ತು ತಿರುಗುವ ಬದಲು ಒಂದು ವಾರದ ಮಟ್ಟಿಗೆ ಮನೆಯಲ್ಲಿಯೇ ಬಿಟ್ಟು ಹೋದರೇನು ಎಂದು ಯೋಚಿಸುವವರುಂಟು. ಇದಕ್ಕೆ ಉತ್ತರ ಕಠಿನವಾದುದು. ಯಂತ್ರ ವ್ಯಾಧಿಯನ್ನು ಗುಣಪಡಿಸುವುದಿಲ್ಲ. ಅದು ಓಡುತ್ತಿರುವಷ್ಟು ಹೊತ್ತು ದಾರಿಯನ್ನು ತೆರೆದಿಡುತ್ತದೆ, ಅಷ್ಟೆ. ಕನ್ನಡಕ ತೆಗೆದೊಡನೆ ದೃಷ್ಟಿ ಮಸುಕಾಗುವಂತೆ, ಯಂತ್ರವನ್ನು ಬಿಟ್ಟ ಮೊದಲೆರಡು ರಾತ್ರಿಗಳಲ್ಲಿಯೇ ಸಾಮಾನ್ಯವಾಗಿ ಉಸಿರುಕಟ್ಟುವಿಕೆ ಹಿಂದಿರುಗುತ್ತದೆ. ಎರಡು ವಾರಗಳೊಳಗಾಗಿ ಹಗಲಿನ ತೂಕಡಿಕೆಯೂ ಬೆಳಗಿನ ರಕ್ತದೊತ್ತಡದ ಏರಿಕೆಯೂ ಮರಳಿ ಬರುವುದನ್ನು ಪರೀಕ್ಷಿಸಿ ಕಂಡಿದ್ದಾರೆ.

ಅಲ್ಲದೆ ಪ್ರವಾಸದ ರಾತ್ರಿಗಳು ಮನೆಯ ರಾತ್ರಿಗಳಂತಲ್ಲ. ಔತಣದ ಊಟ, ಅದರೊಡನೆ ಮದ್ಯಪಾನ ಮಾಡುವವರಿಗೆ ಅದಕ್ಕೂ ಅವಕಾಶ, ಅವೇಳೆಯ ನಿದ್ರೆ, ಇವೆಲ್ಲ ಹಡಗಿನಲ್ಲಿ ಸಾಮಾನ್ಯ. ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ. ಎಚ್ಚರಗೊಳ್ಳುವ ಶಕ್ತಿಯನ್ನೂ ಕುಂದಿಸುತ್ತದೆ. ಯಂತ್ರ ಅತ್ಯವಶ್ಯವಾಗಿರುವ ರಾತ್ರಿಗಳಲ್ಲಿಯೇ ಅದನ್ನು ಬಿಟ್ಟು ಮಲಗುವುದು ವಿವೇಕವಲ್ಲ. ಹಡಗಿನ ಕ್ಯಾಬಿನ್ನಿನಲ್ಲಿ ಒಬ್ಬರೇ ಮಲಗುವವರಿಗಂತೂ ಪಕ್ಕದಿಂದ ಅಲುಗಾಡಿಸಿ ಎಬ್ಬಿಸುವವರೂ ಇರುವುದಿಲ್ಲ.

ಅಂಗಡಿಯಿಲ್ಲದ ಏಳು ರಾತ್ರಿಗಳು

ಮಾತು ಅಮೂರ್ತವಾಗಬಾರದೆಂದು ನಿಜವಾದ ಪ್ರಯಾಣವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಅಮೆರಿಕದ ನ್ಯೂಯಾರ್ಕಿಗೆ ಅಟ್ಲಾಂಟಿಕ್ ಸಾಗರವನ್ನು ದಾಟುವ 'ಕ್ವೀನ್ ಮೇರಿ 2' ಎಂಬ ಹಡಗು 2004ರಲ್ಲಿ ತನ್ನ ಮೊದಲ ಯಾನವನ್ನು ಮಾಡಿತು. ಅದರ ಉದ್ದ 345 ಮೀಟರು. ದಾಟುವುದಕ್ಕೆ ಸಾಮಾನ್ಯವಾಗಿ ಏಳು ರಾತ್ರಿಗಳು. ನಡುವೆ ಬಂದರು ಸಿಕ್ಕದೆ ನೇರವಾಗಿ ಸಾಗುವ ಇಂಥ ಯಾನದಲ್ಲಿ ಮರೆತುಬಂದ ವಸ್ತುವನ್ನು ಕೊಳ್ಳಲು ಔಷಧದಂಗಡಿಯಾಗಲಿ, ಕೆಟ್ಟ ಯಂತ್ರವನ್ನು ರಿಪೇರಿ ಮಾಡುವವರಾಗಲಿ ದೊರೆಯುವಂತಿಲ್ಲ. ಈ ಯಾನಕ್ಕೆ ಸಾಲುವಂತೆ ಸಿದ್ಧವಾದವನು ಮುಂಬಯಿಯಿಂದ ಹೊರಡುವ ಮೂರು ದಿನದ ವಿಹಾರಕ್ಕೂ ಸಿದ್ಧನಾಗಿಯೇ ಇರುತ್ತಾನೆ.

ಈ ಯಾನಕ್ಕೊಂದು ವಿಶೇಷವುಂಟು. ಎರಡು ನಗರಗಳ ಗಡಿಯಾರಗಳಿಗೆ ಸಾಮಾನ್ಯವಾಗಿ 5 ಗಂಟೆಗಳ ವ್ಯತ್ಯಾಸ. ಪಶ್ಚಿಮಾಭಿಮುಖವಾಗಿ ಹೋಗುವಾಗ ಐದು ರಾತ್ರಿ ಒಂದೊಂದು ಗಂಟೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರೆ. ಆದುದರಿಂದ ಆ ರಾತ್ರಿಗಳು ಒಂದು ಗಂಟೆ ಉದ್ದ. ನಿದ್ರೆ 8ರ ಬದಲು 9 ಗಂಟೆಯಾದರೆ ಯಂತ್ರಕ್ಕೂ ಅಷ್ಟು ಹೆಚ್ಚು ಕೆಲಸ, ಅಷ್ಟು ಹೆಚ್ಚು ನೀರು.

ಸಮುದ್ರ ಯಂತ್ರಕ್ಕೆ ಒಂದು ಉಪಕಾರವನ್ನೂ ಮಾಡುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರು ಎತ್ತರದಲ್ಲಿದೆ. ಅಲ್ಲಿಯ ವಾಯುಭಾರ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ, ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ತೆಳು. ತಿರುಗುವ ಚಕ್ರ ಹುಟ್ಟಿಸುವ ಒತ್ತಡ ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅನುಸರಿಸುವುದರಿಂದ, ಬೆಂಗಳೂರಿನಲ್ಲಿ ಅದೇ 10 ಸೆಂಟಿಮೀಟರನ್ನು ಕೊಡಲು ಚಕ್ರ ನೂರಕ್ಕೆ ಐದರಷ್ಟು ಹೆಚ್ಚು ವೇಗವಾಗಿ ತಿರುಗಬೇಕು. ಕಡಲಿಗಿಳಿದಾಗ ಅದರ ಶ್ರಮ ಕಡಿಮೆಯಾಗುತ್ತದೆ. ಇಂದಿನ ಯಂತ್ರಗಳಲ್ಲಿ ಅನೇಕವು ಒತ್ತಡವನ್ನು ತಾವೇ ಅಳೆದು ಈ ಹೊಂದಾಣಿಕೆಯನ್ನು ಮಾಡಿಕೊಳ್ಳುತ್ತವೆ. ಪ್ರಯಾಣಿಕನು ಏನನ್ನೂ ತಿರುಗಿಸಬೇಕಾಗಿಲ್ಲ.

ಗಾಳಿಗೆ ಎಷ್ಟು, ಹಬೆಗೆ ಎಷ್ಟು?

ಯಂತ್ರಕ್ಕೆ ಎಷ್ಟು ವಿದ್ಯುತ್ತು ಬೇಕು? ಇದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಉಸಿರಾಡಿದ ಗಾಳಿ ಹೊರಹೋಗಲೆಂದು ಮುಖವಾಡದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವುಗಳ ಮೂಲಕ ನಿಮಿಷಕ್ಕೆ ಸುಮಾರು 30 ಲೀಟರು, ಅಂದರೆ ಸೆಕೆಂಡಿಗೆ ಅರ್ಧ ಲೀಟರು ಗಾಳಿ ಸಾಗುವುದೆಂದಿಟ್ಟುಕೊಳ್ಳೋಣ. ಒತ್ತಡವನ್ನು ಹರಿವಿನಿಂದ ಗುಣಿಸಿದರೆ ಕೆಲಸದ ದರ ಬರುತ್ತದೆ. 10 ಸೆಂಟಿಮೀಟರ್ ನೀರೆಂದರೆ ಚದರ ಮೀಟರಿಗೆ ಸುಮಾರು 980 ನ್ಯೂಟನ್. ಅರ್ಧ ಲೀಟರೆಂದರೆ 0.0005 ಘನ ಮೀಟರು. ಗುಣಲಬ್ಧ ಸುಮಾರು ಅರ್ಧ ವಾಟ್! ಮೋಟಾರು ಮತ್ತು ಚಕ್ರಗಳಲ್ಲಿ ನಷ್ಟವಾಗುವುದನ್ನು ಸೇರಿಸಿದರೂ ಗಾಳಿಯ ಕೆಲಸಕ್ಕೆ ಹತ್ತು ವಾಟಿನ ಆಸುಪಾಸಿನಲ್ಲಿ ಸಾಕಾಗುತ್ತದೆ.

ಹೆಚ್ಚಿನ ಖರ್ಚು ಗಾಳಿಯದಲ್ಲ, ತೇವದ್ದು. ರಾತ್ರಿಯೆಲ್ಲ ಒಣಗಾಳಿ ಬೀಸಿದರೆ ಮೂಗು ಗಂಟಲುಗಳು ಒಣಗಿ ನೋಯುತ್ತವೆ. ಆದುದರಿಂದ ಯಂತ್ರದೊಳಗೊಂದು ಸಣ್ಣ ತೊಟ್ಟಿಯಲ್ಲಿ ನೀರನ್ನು ಬೆಚ್ಚಗೆ ಕಾಯಿಸಿ ಗಾಳಿಗೆ ತೇವವನ್ನು ಕೂಡಿಸುತ್ತಾರೆ. 8 ಗಂಟೆಗಳಲ್ಲಿ ಹಾದುಹೋಗುವ ಗಾಳಿ 14,400 ಲೀಟರು, ಅಂದರೆ 14.4 ಘನ ಮೀಟರು. ಪ್ರತಿ ಘನ ಮೀಟರಿಗೂ 12 ಗ್ರಾಂ ನೀರನ್ನು ಸೇರಿಸಿದರೆ ರಾತ್ರಿಗೆ ಸುಮಾರು 170 ಗ್ರಾಂ ಆಗುತ್ತದೆ. ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 2.4 ಕಿಲೋಜೌಲ್ ಗುಪ್ತೋಷ್ಣ ಬೇಕು. ಒಟ್ಟನ್ನು 8 ಗಂಟೆಗಳಿಗೆ ಹಂಚಿದರೆ 14 ವಾಟ್ ಬರುತ್ತದೆ. ಉಸಿರಿನ ದಾರಿಯನ್ನು ತೆರೆದಿಡುವುದಕ್ಕಿಂತ ಅದನ್ನು ತೇವವಾಗಿಡುವುದಕ್ಕೆ ಸುಮಾರು ಮೂವತ್ತು ಮಡಿ ಹೆಚ್ಚು ಶಕ್ತಿ ಬೇಕೆಂಬುದು ಎಷ್ಟು ವಿಚಿತ್ರ! ಈ ಅಂಕಿಗಳನ್ನು ಓದುಗರು ನೆನಪಿನಲ್ಲಿಡಬೇಕು. ಬ್ಯಾಟರಿಯ ಪ್ರಸ್ತಾಪ ಬಂದಾಗ ಇವು ಬೇಕಾಗುತ್ತವೆ.

ಎರಡನ್ನೂ ಕೂಡಿಸಿದರೆ 25 ವಾಟ್. ಕ್ವೀನ್ ಮೇರಿಯ ಡೀಸೆಲ್ ಎಂಜಿನುಗಳೂ ಅನಿಲ ಟರ್ಬೈನುಗಳೂ ಕೂಡಿ ಸುಮಾರು 117 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲವು. ನಮ್ಮ ಯಂತ್ರ ಕೇಳುವುದು ಅದರ 47 ಲಕ್ಷದಲ್ಲಿ ಒಂದು ಪಾಲನ್ನು. ಹಡಗಿನಲ್ಲಿ ವಿದ್ಯುತ್ತಿಗೆ ಬರವಿಲ್ಲ. ತೊಂದರೆಯಿರುವುದು ಅದನ್ನು ಹಾಸಿಗೆಯ ಬಳಿಗೆ ತರುವ ಕೊನೆಯ ಎರಡು ಮೀಟರುಗಳಲ್ಲಿ.

ಪ್ಲಗ್ಗು ಮತ್ತು ವೈರಿನ ಪ್ರಶ್ನೆ

ಹಡಗಿನ ಕ್ಯಾಬಿನ್ನುಗಳಲ್ಲಿ ಸಾಮಾನ್ಯವಾಗಿ ಅಮೆರಿಕದ 110 ವೋಲ್ಟಿನ ಚಪ್ಪಟೆ ಕಡ್ಡಿಗಳ ಸಾಕೆಟ್ಟು, 220 ವೋಲ್ಟಿನ ಬೇರೊಂದು ಬಗೆಯ ಸಾಕೆಟ್ಟು ಇರುತ್ತವೆ. ನಮ್ಮ ದೇಶದ ಮೂರು ದುಂಡು ಕಡ್ಡಿಗಳ ಪ್ಲಗ್ಗು ಇವುಗಳಲ್ಲಿ ಕೂರುವುದಿಲ್ಲ. ಯಂತ್ರದ ವಿದ್ಯುತ್ ಡಬ್ಬಿಯ ಮೇಲೆ '100–240 ವೋಲ್ಟ್, 50–60 ಹರ್ಟ್ಸ್' ಎಂದು ಅಚ್ಚಾಗಿದ್ದರೆ ವೋಲ್ಟೇಜನ್ನು ಬದಲಿಸುವ ಟ್ರಾನ್ಸ್‌ಫಾರ್ಮರು ಬೇಕಾಗಿಲ್ಲ. ಪ್ಲಗ್ಗಿನ ಆಕಾರವನ್ನು ಹೊಂದಿಸುವ ಅಡಾಪ್ಟರು ಸಾಕು. ಎರಡೂ ಬಗೆಯ ಅಡಾಪ್ಟರುಗಳನ್ನು ಒಯ್ಯುವುದು ಕ್ಷೇಮ.

ಇನ್ನೊಂದು ತೊಡಕು ದೂರದ್ದು. ಸಾಕೆಟ್ಟುಗಳು ಬರೆಯುವ ಮೇಜಿನ ಬಳಿ ಇರುತ್ತವೆ. ಹಾಸಿಗೆ ಕೋಣೆಯ ಆಚೆ ಬದಿಯಲ್ಲಿರುವುದುಂಟು. ಆಗ ಎಕ್ಸ್‌ಟೆನ್ಷನ್ ವೈರು ಬೇಕಾಗುತ್ತದೆ. ಮನೆಯಲ್ಲಿ ಉಪಯೋಗಿಸುವ ಸ್ಪೈಕ್ ಗಾರ್ಡ್ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಡುವವರು ಅನೇಕರು. ಹಡಗನ್ನು ಹತ್ತುವಾಗ ತಪಾಸಣೆಯಲ್ಲಿ ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಇದು ಅಧಿಕಾರಿಗಳ ಹಟವಲ್ಲ. ಅದಕ್ಕೆ ಭೌತಿಕವಾದ ಕಾರಣವುಂಟು.

ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದನ್ನು, ಅಂದರೆ ನ್ಯೂಟ್ರಲ್ ತಂತಿಯನ್ನು, ಟ್ರಾನ್ಸ್‌ಫಾರ್ಮರಿನ ಬಳಿಯಲ್ಲಿಯೇ ಭೂಮಿಗೆ ಸೇರಿಸಿರುತ್ತಾರೆ. ಅಪಾಯವಿರುವುದು ಇನ್ನೊಂದರಲ್ಲಿ ಮಾತ್ರ. ಸ್ವಿಚ್ಚು ಆ ಒಂದನ್ನು ಕಡಿದರೆ ಸಾಕು. ಹಡಗಿನಲ್ಲಿ ಭೂಮಿಯಿಲ್ಲ, ಉಕ್ಕಿನ ಒಡಲೇ ಭೂಮಿ. ಅನೇಕ ಹಡಗುಗಳಲ್ಲಿ ಎರಡು ತಂತಿಗಳಲ್ಲಿ ಯಾವುದನ್ನೂ ಒಡಲಿಗೆ ಸೇರಿಸದೆ ಬಿಟ್ಟಿರುತ್ತಾರೆ. ಇದರಿಂದ ಒಂದು ಲಾಭ: ಎಲ್ಲಿಯಾದರೂ ಒಂದು ತಂತಿ ಸವೆದು ಒಡಲಿಗೆ ತಾಕಿದರೂ ಮಂಡಲ ಪೂರ್ತಿಯಾಗುವುದಿಲ್ಲ, ಚುಕ್ಕಾಣಿಯ ಮೋಟಾರಿನಂಥ ಅತ್ಯವಶ್ಯ ಯಂತ್ರಗಳು ನಿಲ್ಲದೆ ನಡೆಯುತ್ತವೆ. ಆದರೆ ಆಗ ಇನ್ನೊಂದು ತಂತಿಗೂ ಒಡಲಿಗೂ ನಡುವೆ ಪೂರ್ಣ ವೋಲ್ಟೇಜು ಬಂದು ನಿಲ್ಲುತ್ತದೆ.

ಸ್ಪೈಕ್ ಗಾರ್ಡಿನೊಳಗೆ ತಂತಿಗಳಿಗೂ ಭೂಮಿಯ ಕಡ್ಡಿಗೂ ನಡುವೆ ವೇರಿಸ್ಟರ್ ಎಂಬ ಸಣ್ಣ ಬಿಲ್ಲೆಗಳಿರುತ್ತವೆ. ವೋಲ್ಟೇಜು ಮಿತಿಮೀರಿದಾಗ ಅವು ವಿದ್ಯುತ್ತನ್ನು ಭೂಮಿಗೆ ಹರಿಯಬಿಡುತ್ತವೆ. ಕ್ಷಣಮಾತ್ರದ ಏರಿಳಿತಕ್ಕೆ ಇದು ಸರಿ. ಆದರೆ ಹಡಗಿನ ವ್ಯವಸ್ಥೆಯಲ್ಲಿ ದೋಷವೊಂದು ಗಂಟೆಗಟ್ಟಲೆ ಉಳಿದರೆ, ಬಿಲ್ಲೆ ಅಷ್ಟು ಹೊತ್ತೂ ಸೋರುತ್ತ ಕಾಯುತ್ತ ಹೋಗಿ ಕಡೆಗೆ ಉರಿಯಬಹುದು. ಅದರ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುವುದಾದರೆ, ಅದನ್ನು ಆರಿಸಿದ ಮೇಲೂ ಇನ್ನೊಂದು ತಂತಿಯಲ್ಲಿ ಅಪಾಯ ಉಳಿದೇ ಇರುತ್ತದೆ. ನಡುಗಡಲಿನಲ್ಲಿ ಬೆಂಕಿಗಿಂತ ಭಯಂಕರವಾದುದು ಬೇರೆ ಯಾವುದಿದೆ? 2013ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಇಲಾಖೆ ಈ ವಿಷಯವಾಗಿಯೇ ಎಚ್ಚರಿಕೆಯ ಪ್ರಕಟಣೆಯೊಂದನ್ನು ಹೊರಡಿಸಿತು.

ಆದುದರಿಂದ ಮಾಡಬೇಕಾದುದು ಇಷ್ಟು: ಟಿಕೆಟ್ಟು ಕೊಂಡ ಮೇಲೆ, ಪ್ರಯಾಣಕ್ಕೆ ಕೆಲವು ವಾರಗಳ ಮುಂಚೆಯೇ, ಹಡಗಿನ ಕಂಪೆನಿಗೆ ಬರೆದು ತಾವು ಶ್ವಾಸಯಂತ್ರವನ್ನು ತರುವುದಾಗಿಯೂ ಹಾಸಿಗೆಯ ಬಳಿಗೆ ಎಕ್ಸ್‌ಟೆನ್ಷನ್ ವೈರು ಬೇಕೆಂದೂ ತಿಳಿಸಬೇಕು. ಅನೇಕ ಕಂಪೆನಿಗಳು ತಮ್ಮ ಹಡಗಿಗೆ ತಕ್ಕ ವೈರನ್ನು ತಾವೇ ಒದಗಿಸುತ್ತವೆ. ಕೇಳದವರಿಗೆ ಮೊದಲ ರಾತ್ರಿ ಅದು ದೊರೆಯದೆ ಹೋಗಬಹುದು.

ಬಟ್ಟಿ ಇಳಿಸಿದ ನೀರು

ತೊಟ್ಟಿಗೆ ಹಾಕುವ ನೀರು ಬಟ್ಟಿ ಇಳಿಸಿದ್ದಾಗಿರಬೇಕೆಂದು ಯಂತ್ರದ ತಯಾರಕರು ಸಾಮಾನ್ಯವಾಗಿ ಸೂಚಿಸುತ್ತಾರೆ. ನಮ್ಮ ಮನೆಗಳಲ್ಲಿ ಕೊಳವೆಬಾವಿಯ ನೀರನ್ನು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹೆಪ್ಪಳಿಕೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಯಂತ್ರದ ತೊಟ್ಟಿಯಲ್ಲಿಯೂ ಹೀಗೆಯೇ ಆಗುತ್ತದೆ. ಕುದಿಸಿ ಆರಿಸಿದ ನೀರು ಇದಕ್ಕೆ ಪರಿಹಾರವಲ್ಲ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಲವಣಗಳೆಲ್ಲ ಹೋಗುವುದಿಲ್ಲ.

ಇಲ್ಲೊಂದು ಸ್ವಾರಸ್ಯವುಂಟು. ದೊಡ್ಡ ಹಡಗುಗಳು ತಮ್ಮ ನೀರನ್ನು ಬಹುಮಟ್ಟಿಗೆ ತಾವೇ ತಯಾರಿಸಿಕೊಳ್ಳುತ್ತವೆ. ಎಂಜಿನಿನಲ್ಲಿ ವ್ಯರ್ಥವಾಗುವ ಉಷ್ಣದಿಂದ ಕಡಲಿನ ನೀರನ್ನು ಕಡಿಮೆ ಒತ್ತಡದಲ್ಲಿ ಕುದಿಸಿ ಬಟ್ಟಿ ಇಳಿಸುತ್ತಾರೆ, ಇಲ್ಲವೆ ಸೂಕ್ಷ್ಮವಾದ ಪೊರೆಗಳ ಮೂಲಕ ಒತ್ತಿ ಶೋಧಿಸುತ್ತಾರೆ. ಹಾಗಾದರೆ ಕ್ಯಾಬಿನ್ನಿನ ನಲ್ಲಿಯಲ್ಲಿ ಬರುವುದು ಬಟ್ಟಿ ಇಳಿಸಿದ ನೀರೇ ಅಲ್ಲವೆ ಎಂದು ಕೇಳಬಹುದು. ಅಲ್ಲ. ಕುಡಿಯುವುದಕ್ಕೆ ಯೋಗ್ಯವಾಗುವಂತೆ ಅದಕ್ಕೆ ಮತ್ತೆ ಖನಿಜಾಂಶಗಳನ್ನೂ ಕ್ರಿಮಿನಾಶಕವಾದ ಕ್ಲೋರಿನ್ನನ್ನೂ ಸೇರಿಸಿಯೇ ಕೊಳಾಯಿಗಳಿಗೆ ಬಿಡುತ್ತಾರೆ. ಬಟ್ಟಿ ಇಳಿಸಿದ ನೀರು ಬೇಕಾದವರು ಅದನ್ನೂ ವೈರಿನಂತೆಯೇ ಮುಂಗಡವಾಗಿ ಕೇಳಬೇಕು. ಎಷ್ಟು ಕೇಳಬೇಕು? ಖರ್ಚಾಗುವುದು ರಾತ್ರಿಗೆ 170 ಗ್ರಾಂ ಆದರೂ, ಬೆಳಗ್ಗೆ ಉಳಿದುದನ್ನು ಚೆಲ್ಲಿ ತೊಟ್ಟಿಯನ್ನು ತೊಳೆದು ಹೊಸ ನೀರು ತುಂಬಬೇಕಾದುದರಿಂದ, ದಿನಕ್ಕೆ 350 ಮಿಲಿಲೀಟರಿನಂತೆ ಏಳು ರಾತ್ರಿಗೆ ಎರಡೂವರೆ ಲೀಟರು; ಮೂರು ಲೀಟರೆಂದಿಟ್ಟುಕೊಂಡರೆ ನಿಶ್ಚಿಂತೆ.

ಅಕಸ್ಮಾತ್ ನೀರು ದೊರೆಯದಿದ್ದರೆ? ಆಗಲೂ ಯಂತ್ರವನ್ನು ಪೆಟ್ಟಿಗೆಯಲ್ಲಿಡಬಾರದು. ಕಾಯಿಸುವ ಭಾಗವನ್ನು ಆರಿಸಿ ಒಣಗಾಳಿಯಲ್ಲಿಯೇ ಮಲಗಬಹುದು. ಮೂಗು ಒಣಗೀತು, ಆದರೆ ದಾರಿ ಮುಚ್ಚದು. ಚಿಕಿತ್ಸೆಯಿರುವುದು ಒತ್ತಡದಲ್ಲಿ, ತೇವದಲ್ಲಲ್ಲ.

ತೇವದಿಂದಲೇ ಹುಟ್ಟುವ ಇನ್ನೊಂದು ಕಾಟವುಂಟು. ಹಡಗಿನ ಕೋಣೆಗಳನ್ನು ತಣ್ಣಗಿಟ್ಟಿರುತ್ತಾರೆ. 30 ಡಿಗ್ರಿ ಸೆಂಟಿಗ್ರೇಡಿನ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ಹಬೆಯನ್ನು ಹಿಡಿದಿಡಬಲ್ಲದು. 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಮನ್ನು ಮಾತ್ರ. ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ಹಾಯುವಾಗ ಹೆಚ್ಚಾದ ಹಬೆ, ಬೆಳಗಿನ ಹುಲ್ಲಿನ ಮೇಲಣ ಇಬ್ಬನಿಯಂತೆ, ಕೊಳವೆಯೊಳಗೆ ಹನಿಗೂಡುತ್ತದೆ. ನಡುರಾತ್ರಿಯಲ್ಲಿ ಆ ಹನಿಗಳು ಮೂಗಿಗೆ ಸಿಡಿಯುತ್ತವೆ. ಕೋಣೆಯ ತಂಪನ್ನು ಸ್ವಲ್ಪ ಇಳಿಸುವುದು, ತೇವದ ಮಟ್ಟವನ್ನು ತಗ್ಗಿಸುವುದು, ಕೊಳವೆಗೆ ಬಟ್ಟೆ ಸುತ್ತಿ ಹೊದಿಕೆಯೊಳಗೆ ತೆಗೆದುಕೊಳ್ಳುವುದು, ಇವುಗಳಿಂದ ಕಾಟ ಕಡಿಮೆಯಾಗುತ್ತದೆ. ಯಂತ್ರವನ್ನು ದಿಂಬಿಗಿಂತ ಕೆಳಗಿಟ್ಟರೆ ಕೂಡಿದ ನೀರು ಮುಖದ ಕಡೆಗೆ ಬಾರದೆ ಹಿಂದಕ್ಕೆ ಇಳಿಯುತ್ತದೆ.

ಹಡಗಿನ ತೂಗಾಟ

ಹಡಗು ಅಲೆಗಳ ಮೇಲೆ ಮೂತಿಯೆತ್ತಿ ಇಳಿಸುವಾಗ ಅದರ ನಡುಭಾಗ ಏತದ ಕೀಲಿನಂತೆ ಹೆಚ್ಚು ಅಲುಗುವುದಿಲ್ಲ, ತುದಿಗಳು ಅಲುಗುತ್ತವೆ. 345 ಮೀಟರಿನ ಹಡಗು ಒಂದೇ ಡಿಗ್ರಿ ವಾಲಿದರೂ ತುದಿ 3 ಮೀಟರು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಆದುದರಿಂದ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ನನ್ನು ಆರಿಸಿಕೊಳ್ಳುವುದು ಲೇಸು. ಪಕ್ಕದ ತೂಗಾಟವನ್ನು ಹಡಗಿನ ರೆಕ್ಕೆಗಳು ಬಹುಮಟ್ಟಿಗೆ ತಡೆಯುತ್ತವೆ. ಆದರೂ 15 ಸೆಂಟಿಮೀಟರ್ ಅಗಲದ ತೊಟ್ಟಿ 5 ಡಿಗ್ರಿ ವಾಲಿದರೆ ಒಂದು ಬದಿಯಲ್ಲಿ ನೀರು ಅರ್ಧ ಸೆಂಟಿಮೀಟರಿಗೂ ಮೇಲೇರುತ್ತದೆ. ತೊಟ್ಟಿಯನ್ನು ಗುರುತಿನವರೆಗೆ ತುಂಬದೆ ಒಂದು ಸೆಂಟಿಮೀಟರ್ ಕೆಳಗೆ ನಿಲ್ಲಿಸುವುದರಿಂದ ಕೊಳವೆಗೆ ನೀರು ಹೊಗುವುದು ತಪ್ಪುತ್ತದೆ. ಯಂತ್ರದ ಅಡಿಯಲ್ಲಿ ಜಾರದ ರಬ್ಬರಿನ ಚಾಪೆಯೊಂದಿರಲಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮೂಗು ಬಾಯಿಗಳೆರಡನ್ನೂ ಮುಚ್ಚುವ ಮುಖವಾಡವನ್ನು ಧರಿಸುವವರು, ಅಲೆಗಳಿಂದ ಹೊಟ್ಟೆ ತೊಳಸಿ ವಾಂತಿಯಾಗುವ ಲಕ್ಷಣವಿದ್ದಾಗ ಅದನ್ನು ಧರಿಸಿ ಮಲಗಬಾರದು. ವಾಂತಿ ಹೊರಬರಲು ದಾರಿಯಿಲ್ಲದೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅಂಥ ರಾತ್ರಿ ಹಡಗಿನ ವೈದ್ಯರನ್ನು ಕಾಣತಕ್ಕದ್ದು. ವಾಂತಿಯನ್ನು ತಡೆಯುವ ಕೆಲವು ಗುಳಿಗೆಗಳು ಮಂಪರು ತರಿಸುವುವಾದುದರಿಂದ, ತಮಗೆ ಯಾವುದು ಹಿತವೆಂಬುದನ್ನು ಹೊರಡುವ ಮೊದಲೇ ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಬೇಕು.

ವಿದ್ಯುತ್ತು ನಿಂತರೆ

ಇಷ್ಟು ದೊಡ್ಡ ಹಡಗಿನಲ್ಲಿ ವಿದ್ಯುತ್ತು ನಿಲ್ಲುವುದುಂಟೆ? ಅಪರೂಪವಾಗಿ ಉಂಟು. 2010ರ ಸೆಪ್ಟೆಂಬರಿನಲ್ಲಿ ಇದೇ ಕ್ವೀನ್ ಮೇರಿ 2 ಬಾರ್ಸಿಲೋನದ ಸಮೀಪದಲ್ಲಿದ್ದಾಗ ಅದರ ವಿದ್ಯುತ್ ವ್ಯವಸ್ಥೆಯಲ್ಲಿ ಕೆಪಾಸಿಟರೊಂದು ಸಿಡಿದು ಹಡಗೆಲ್ಲ ಕತ್ತಲಾಯಿತು. ಸುಮಾರು ಒಂದು ಗಂಟೆಯಲ್ಲಿ ಮತ್ತೆ ಚಲಿಸತೊಡಗಿತು. 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಎಂಬ ವಿಹಾರನೌಕೆಯ ಎಂಜಿನ್ ಕೋಣೆಗೆ ಬೆಂಕಿ ಬಿದ್ದು, ಅದು ಮೆಕ್ಸಿಕೋ ಕೊಲ್ಲಿಯಲ್ಲಿ ದಿನಗಟ್ಟಲೆ ಅಸಹಾಯವಾಗಿದ್ದು, ಕಡೆಗೆ ಬೇರೆ ಹಡಗುಗಳು ಅದನ್ನು ಎಳೆದು ದಡ ಸೇರಿಸಬೇಕಾಯಿತು.

ಇಂಥ ಸಂದರ್ಭಕ್ಕೆ ಒಂದು ಬ್ಯಾಟರಿ ಜೊತೆಗಿರುವುದು ಒಳ್ಳೆಯದು. ವಿಮಾನದಲ್ಲಿ ಒಯ್ಯಲು ಸಾಮಾನ್ಯವಾಗಿ ಅನುಮತಿ ಬೇಡದ ಲಿಥಿಯಂ ಬ್ಯಾಟರಿಯ ಮಿತಿ 100 ವಾಟ್-ಗಂಟೆ. ಅದನ್ನು ಕೈಚೀಲದಲ್ಲಿಯೇ ಇಡಬೇಕು. ಹಿಂದಿನ ಲೆಕ್ಕವನ್ನು ಇಲ್ಲಿ ನೆನೆಯೋಣ. ನೀರನ್ನೂ ಕಾಯಿಸಿದರೆ 25 ವಾಟ್. ಬ್ಯಾಟರಿ 4 ಗಂಟೆಗೆ ಬರಿದು. ಕಾಯಿಸುವುದನ್ನು ನಿಲ್ಲಿಸಿದರೆ 10 ವಾಟ್. ಬ್ಯಾಟರಿ ಸುಮಾರು 10 ಗಂಟೆ ನಡೆಯುತ್ತದೆ, ರಾತ್ರಿ ಕಳೆಯುತ್ತದೆ. ಗುಪ್ತೋಷ್ಣದ ಪಾಠ ಪರೀಕ್ಷೆಯ ಉತ್ತರಪತ್ರಿಕೆಗಷ್ಟೇ ಸೀಮಿತವಲ್ಲ.

ಹೊರಡುವ ಮುನ್ನ

ಯಂತ್ರವನ್ನು ಹಡಗಿನ ಕೂಲಿಯವರಿಗೆ ಒಪ್ಪಿಸುವ ಪೆಟ್ಟಿಗೆಯಲ್ಲಿಡದೆ ಸ್ವಂತ ಕೈಯಲ್ಲಿ ಹಿಡಿದು ಹತ್ತಬೇಕು. ಒಪ್ಪಿಸಿದ ಪೆಟ್ಟಿಗೆಗಳು ಕ್ಯಾಬಿನ್ನಿಗೆ ಬರುವುದು ಎಷ್ಟೋ ಹೊತ್ತಿನ ಮೇಲೆ. ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ ಒಣಗಿಸಿರಬೇಕು. ಉಳಿದ ನೀರು ಯಂತ್ರದ ವಿದ್ಯುತ್ ಭಾಗಗಳಿಗೆ ಇಳಿದರೆ ಕೆಡುಕು. ರೋಗದ ಹೆಸರು, ಒತ್ತಡದ ಅಳತೆ, ಯಂತ್ರದ ಅವಶ್ಯಕತೆ ಇವನ್ನು ತಿಳಿಸುವ ವೈದ್ಯರ ಪತ್ರವೊಂದು ಜೊತೆಗಿರಲಿ. ಇನ್ನೊಂದು ಮುಖವಾಡ, ಎರಡು ಅಡಾಪ್ಟರು, ಗಾಳಿ ಸೋಸುವ ಫಿಲ್ಟರಿನ ಒಂದು ಹೆಚ್ಚುವರಿ ತುಂಡು, ಇವು ತೂಕಕ್ಕೆ ಹೆಚ್ಚಲ್ಲ. ಹಡಗನ್ನು ಹತ್ತಿದ ಮಧ್ಯಾಹ್ನವೇ, ನೋಟ ನೋಡಲು ಹೋಗುವ ಮುಂಚೆ, ಎಲ್ಲವನ್ನೂ ಜೋಡಿಸಿ ಐದು ನಿಮಿಷ ಓಡಿಸಿ ನೋಡಬೇಕು. ಏನಾದರೂ ಕೊರತೆಯಿದ್ದರೆ ಹಡಗು ದಡ ಬಿಡುವ ಮೊದಲೇ ತಿಳಿಯುತ್ತದೆ.

ಮಕ್ಕಳನ್ನು ನೋಡಲೆಂದು ಇಂಗ್ಲೆಂಡಿಗೂ ಅಮೆರಿಕೆಗೂ ಹೋಗುವ ನಮ್ಮ ಹಿರಿಯರಲ್ಲಿ ಈ ಯಂತ್ರವನ್ನು ಬಳಸುವವರಿದ್ದಾರೆ. ಯಂತ್ರವಿದೆಯೆಂಬ ಒಂದೇ ಕಾರಣದಿಂದ ಅವರು ಸಮುದ್ರಯಾನದ ಆಸೆಯನ್ನು ಬಿಡಬೇಕಾಗಿಲ್ಲ. ಸಮುದ್ರಯಾನದ ಸಂಭ್ರಮದಲ್ಲಿ ಯಂತ್ರವನ್ನೂ ಬಿಡಬಾರದು. ಅದು ಕೇಳುವುದು ಇಪ್ಪತ್ತೈದು ವಾಟ್ ವಿದ್ಯುತ್ತನ್ನು, ಎರಡು ಮೀಟರು ವೈರನ್ನು, ಒಂದು ಲೋಟ ನೀರನ್ನು. ಇಷ್ಟನ್ನು ಪ್ರತಿ ರಾತ್ರಿಯೂ ತಪ್ಪದೆ ಒದಗಿಸುವ ಏರ್ಪಾಡನ್ನು ದಡದಲ್ಲಿರುವಾಗಲೇ ಮಾಡಿಕೊಂಡವರು ನಡುಗಡಲಿನಲ್ಲಿಯೂ ಮನೆಯಲ್ಲಿ ಮಲಗಿದಂತೆಯೇ ಮಲಗಬಹುದು.